ಗೇರ್ ಸನ್ನೆಗೋಲಿನ ತುದಿಯ ಗುಬುಟು

ಕಾರು, ಬಸ್ಸು, ಲಾರಿಗಳ ಚಾಲಕರು ದಿನಕ್ಕೆ ನೂರಾರು ಸಲ ಎಡಗೈಯಿಂದ ಹಿಡಿದು ಬಿಡುವ ಒಂದು ಚಿಕ್ಕ ಭಾಗವಿದೆ. ಗೇರ್ ಬದಲಿಸುವ ಸನ್ನೆಗೋಲಿನ ತುದಿಯಲ್ಲಿ ಕುಳಿತಿರುವ ಗುಂಡನೆಯ ಹಿಡಿ ಅದು. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು 'ಗೇರ್ ನಾಬ್'. ಈ ಲೇಖನದಲ್ಲಿ ಅದನ್ನು ಗುಬುಟು ಎಂದು ಕರೆಯೋಣ.

ಕೋಲಾರದ ಟೊಮೆಟೊ ಮಾರುಕಟ್ಟೆಯ ಮುಂದೆ ನಿಂತ ಲಾರಿಗಳು, ಮಾಲೂರಿನ ಇಟ್ಟಿಗೆ-ಹೆಂಚು ಹೊರುವ ಟೆಂಪೊಗಳು, ಶ್ರೀನಿವಾಸಪುರದಿಂದ ಮಾವು ಸಾಗಿಸುವ ವಾಹನಗಳು, ಮುಳಬಾಗಿಲಿನ ಹೆದ್ದಾರಿಯಲ್ಲಿ ಚಹಾಕ್ಕೆಂದು ನಿಲ್ಲುವ ಟ್ರಕ್ಕುಗಳು, ಇವುಗಳ ಒಳಗೆ ಒಮ್ಮೆ ಇಣುಕಿ ನೋಡಿ. ಎಂಜಿನ್ನು, ಚಕ್ರ, ಸ್ಟೀರಿಂಗು ಎಲ್ಲವೂ ಕಂಪನಿ ಕೊಟ್ಟಂತೆಯೇ ಇರುತ್ತವೆ. ಆದರೆ ಗುಬುಟು ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಒಂದರಲ್ಲಿ ಪಾರದರ್ಶಕ ಗೋಳದೊಳಗೆ ಕೆಂಪು ಹೂವು. ಇನ್ನೊಂದರಲ್ಲಿ ಬಣ್ಣದ ಪ್ಲಾಸ್ಟಿಕ್ ವೈರಿನ ಹೆಣಿಗೆ. ಮತ್ತೊಂದರಲ್ಲಿ ಮಿರುಗುವ ಉಕ್ಕಿನ ಗುಂಡು. ಆಯುಧಪೂಜೆಯ ದಿನ ಅರಿಸಿನ-ಕುಂಕುಮ ಸ್ಟೀರಿಂಗಿನ ಜೊತೆಗೆ ಇದಕ್ಕೂ ಸಲ್ಲುತ್ತದೆ.

ವಾಹನದಲ್ಲಿ ಮಾಲೀಕನು ತನ್ನ ಇಷ್ಟದಂತೆ ಸುಲಭವಾಗಿ ಬದಲಿಸಬಹುದಾದ ಭಾಗಗಳಲ್ಲಿ ಇದು ಮೊದಲನೆಯದು. ಬಿಚ್ಚಲು ಕೆಲವು ನಿಮಿಷ ಸಾಕು, ಖರ್ಚೂ ಕಡಿಮೆ. ಹೊರಗೆ ಇಷ್ಟು ಸ್ವಾತಂತ್ರ್ಯ ಕೊಡುವ ಗುಬುಟು ಒಳಗೆ ಮಾತ್ರ ಕಟ್ಟುನಿಟ್ಟಾದ ನಿಯಮಗಳಿಗೆ ಬದ್ಧವಾಗಿದೆ. ಆ ನಿಯಮಗಳು ಹೇಗೆ ಬಂದವು, ಅವನ್ನು ಮರೆತು ಅಲಂಕಾರ ಮಾಡಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಸನ್ನೆಗೋಲು ಬಂದ ಬಗೆ

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನು ನಿಂತಲ್ಲಿಂದಲೇ ಬಲ ಕೊಡಲಾರದು. ನಿಮಿಷಕ್ಕೆ ಇಷ್ಟರಿಂದ ಇಷ್ಟು ಸುತ್ತು ಎಂಬ ಮಿತಿಯೊಳಗೆ ಮಾತ್ರ ಅದು ಚೆನ್ನಾಗಿ ದುಡಿಯುತ್ತದೆ. ಏರಿನಲ್ಲಿ ಚಕ್ರಕ್ಕೆ ಹೆಚ್ಚು ಬಲ ಬೇಕು, ವೇಗ ಬೇಡ. ಸಮತಟ್ಟಿನಲ್ಲಿ ವೇಗ ಬೇಕು, ಬಲ ಕಡಿಮೆ ಸಾಕು. ಈ ಎರಡನ್ನೂ ಒಂದೇ ಎಂಜಿನ್ನಿನಿಂದ ಪಡೆಯಲು ಹಲ್ಲುಚಕ್ರಗಳ ಬೇರೆ ಬೇರೆ ಜೋಡಿಗಳು ಬೇಕಾಗುತ್ತವೆ. ಯಾವ ಜೋಡಿ ಎಂದು ಆರಿಸುವ ಸಾಧನವೇ ಗೇರ್ ಸನ್ನೆಗೋಲು.

1890ರ ದಶಕದ ಆರಂಭದಲ್ಲಿ ಫ್ರಾನ್ಸಿನ ಎಮಿಲ್ ಲೆವಾಸೋರ್ ಹಲ್ಲುಚಕ್ರಗಳನ್ನು ಜಾರಿಸಿ ಒಂದಕ್ಕೊಂದು ಸೇರಿಸುವ ಪೆಟ್ಟಿಗೆಯನ್ನು ಕಾರಿಗೆ ಅಳವಡಿಸಿದರು. ಆಗಿನ ಅನೇಕ ಕಾರುಗಳಲ್ಲಿ ಸನ್ನೆಗೋಲು ವಾಹನದ ಹೊರಬದಿಯಲ್ಲಿರುತ್ತಿತ್ತು. ಎಲ್ಲ ಗೇರುಗಳೂ ಒಂದೇ ಸಾಲಿನಲ್ಲಿದ್ದುದರಿಂದ ಒಂದರಿಂದ ಮೂರಕ್ಕೆ ಹೋಗಬೇಕಾದರೆ ಎರಡನ್ನು ದಾಟಿಯೇ ಹೋಗಬೇಕಿತ್ತು. 1901ರ ಮರ್ಸಿಡಿಸ್ ಕಾರಿನಲ್ಲಿ ಸನ್ನೆಗೋಲು ಸೀಳುಗಳಿರುವ ಲೋಹದ ತಟ್ಟೆಯೊಳಗೆ ಅಕ್ಕಪಕ್ಕಕ್ಕೂ ಹಿಂದುಮುಂದಕ್ಕೂ ಚಲಿಸುವ ಏರ್ಪಾಡು ಬಂತು. ಇಂದು ನಾವು ಗುಬುಟಿನ ನೆತ್ತಿಯ ಮೇಲೆ ಕಾಣುವ ಏಣಿಯಂಥ ನಕ್ಷೆಯ ಮೂಲ ಇದು. ಎಲ್ಲರೂ ಈ ದಾರಿ ಹಿಡಿಯಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಗೇರುಗಳು ಮುಖ್ಯವಾಗಿ ಕಾಲಿನ ಪೆಡಲಿನ ಅಧೀನದಲ್ಲಿದ್ದವು.

ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಹಲ್ಲುಚಕ್ರಗಳನ್ನು ಸೇರಿಸಿದರೆ ಕರಕರ ಸದ್ದು ಖಂಡಿತ. ಹಿಂದಿನ ಚಾಲಕರು ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ಎಂಜಿನ್ನಿನ ವೇಗ ಹೊಂದಿಸಿ ಗೇರ್ ಹಾಕುತ್ತಿದ್ದರು. ಸರಿಯಾದ ಕ್ಷಣವನ್ನು ಕಿವಿ ಹೇಳುತ್ತಿತ್ತು, ಗುಬುಟಿನ ನಡುಕದಿಂದ ಅಂಗೈಯೂ ಹೇಳುತ್ತಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ಸಿಂಕ್ರೊಮೆಶ್ ಎಂಬ ವ್ಯವಸ್ಥೆಯನ್ನು ತಂದಿತು. ಹಲ್ಲುಗಳು ಸೇರುವ ಮೊದಲೇ ಶಂಕುವಿನಾಕಾರದ ಮೇಲ್ಮೈಗಳು ಒಂದಕ್ಕೊಂದು ಉಜ್ಜಿ ವೇಗವನ್ನು ಸಮ ಮಾಡುವ ಉಪಾಯ ಅದು. ಚಾಲಕನು ಗುಬುಟಿನ ಮೇಲೆ ಹಾಕುವ ಒತ್ತಡವೇ ಆ ಉಜ್ಜುವಿಕೆಗೆ ಬೇಕಾದ ಬಲ.

ಕೋಲಾರ ಸೀಮೆಯ ನಂಟು

ಭಾರತದಲ್ಲಿಯೇ ಮೋಟಾರು ತಯಾರಾಗಬೇಕೆಂದು 1930ರ ದಶಕದ ಮಧ್ಯಭಾಗದಲ್ಲಿ ವಿವರವಾದ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ಹುಟ್ಟೂರು ಮುದ್ದೇನಹಳ್ಳಿ 2007ರವರೆಗೂ ಕೋಲಾರ ಜಿಲ್ಲೆಯಲ್ಲಿತ್ತು. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಪ್ರಯತ್ನ ಬ್ರಿಟಿಷ್ ಸರ್ಕಾರದ ಬೆಂಬಲವಿಲ್ಲದೆ ಕೈಗೂಡಲಿಲ್ಲ. ಆ ಯೋಜನೆಯಲ್ಲಿ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು.

ಹಳ್ಳಿಗರು ಗೇರ್ ಸನ್ನೆಗೋಲನ್ನು ಹತ್ತಿರದಿಂದ ಕಂಡದ್ದು ಹೆಚ್ಚಾಗಿ ಬಸ್ಸುಗಳಲ್ಲಿ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಕೆ. ಚೆಂಗಲರಾಯ ರೆಡ್ಡಿಯವರು ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರು. 1961ರಲ್ಲಿ ಆ ಸೇವೆ ನಿಗಮವಾಯಿತು.

ಮಹೀಂದ್ರ ಕಂಪನಿಯ ಹಳೆಯ ಜೀಪುಗಳಲ್ಲಿ ಮೂರು ಸನ್ನೆಗೋಲುಗಳಿದ್ದವು. ಒಂದು ಗೇರಿಗೆ, ಇನ್ನೊಂದು ನಾಲ್ಕೂ ಚಕ್ರಗಳಿಗೆ ಬಲ ಕೊಡಲು, ಮೂರನೆಯದು ಏರು-ಕೆಸರಿನಲ್ಲಿ ಬಲವನ್ನು ಇನ್ನಷ್ಟು ಹೆಚ್ಚಿಸಲು. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನಲ್ಲಿ ಬಹುಕಾಲ ಸನ್ನೆಗೋಲು ಸ್ಟೀರಿಂಗಿನ ಕಂಬದ ಮೇಲಿತ್ತು. ಮುಂದಿನ ಸೀಟಿನಲ್ಲಿ ಮೂವರು ಕೂರಲು ಅದರಿಂದ ಅನುಕೂಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ನೆಲದ ಸನ್ನೆಗೋಲು ಮಧ್ಯಮವರ್ಗದ ಮನೆಗಳಿಗೂ ಪರಿಚಯವಾಯಿತು. ಅದರೊಂದಿಗೆ ಗುಬುಟು ಬದಲಿಸುವ ಹವ್ಯಾಸಕ್ಕೂ ಅವಕಾಶ ಹೆಚ್ಚಿತು.

ಮರ, ಬೇಕಲೈಟ್, ಲೋಹ

ಮೊದಮೊದಲ ಗುಬುಟುಗಳು ಮರ ಮತ್ತು ಲೋಹದವು. 1907ರಲ್ಲಿ ಲಿಯೊ ಬೇಕ್‌ಲ್ಯಾಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಬೇಕಲೈಟನ್ನು ತಯಾರಿಸಿದರು. ಒಮ್ಮೆ ಅಚ್ಚಿನಲ್ಲಿ ಗಟ್ಟಿಯಾದರೆ ಮತ್ತೆ ಬಿಸಿಗೆ ಕರಗದ ಪ್ಲಾಸ್ಟಿಕ್ ಇದು. ಅಚ್ಚು ಹೊಯ್ಯುವಾಗಲೇ ಒಳಗೆ ಲೋಹದ ನಟ್ಟನ್ನು ಕೂರಿಸಬಹುದಾದ್ದರಿಂದ ಕಪ್ಪು ಬೇಕಲೈಟ್ ಗುಂಡುಗಳು ವಾಹನಗಳಲ್ಲಿಯೂ ಕಾರ್ಖಾನೆಯ ಯಂತ್ರಗಳಲ್ಲಿಯೂ ಹರಡಿದವು. 1930ರ ದಶಕದಿಂದ ಅಕ್ರಿಲಿಕ್ ಬಳಕೆಗೆ ಬಂತು. ನಮ್ಮ ಲಾರಿಗಳ ಹೂವಿನ ಗುಬುಟು ಇಂಥ ಪಾರದರ್ಶಕ ಪ್ಲಾಸ್ಟಿಕ್ಕುಗಳ ಕೊಡುಗೆ.

ಯಾವ ವಸ್ತು ಒಳ್ಳೆಯದು? ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಗುಬುಟು 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ ಎಂದುಕೊಳ್ಳೋಣ. ಅಂಗೈ ಚರ್ಮದ ಉಷ್ಣತೆ ಸುಮಾರು 34 ಡಿಗ್ರಿ. ಮುಟ್ಟಿದ ಕ್ಷಣದಲ್ಲಿ ಚರ್ಮಕ್ಕೆ ತಗಲುವ ಉಷ್ಣತೆಯನ್ನು ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣ ಈ ಮೂರರ ಗುಣಲಬ್ಧದ ವರ್ಗಮೂಲ ನಿರ್ಧರಿಸುತ್ತದೆ. ಲೆಕ್ಕ ಹಾಕಿದರೆ ಅಲ್ಯೂಮಿನಿಯಂ ಗುಬುಟಿಗೆ ಸುಮಾರು 58 ಡಿಗ್ರಿ ಬರುತ್ತದೆ, ಮರದ ಗುಬುಟಿಗೆ ಕೇವಲ 40 ಡಿಗ್ರಿ. ಎರಡೂ ಒಂದೇ ಬಿಸಿಯಲ್ಲಿದ್ದರೂ ಒಂದು ಕೈಯನ್ನು ಸುಡುತ್ತದೆ, ಇನ್ನೊಂದು ಬೆಚ್ಚಗೆನಿಸುತ್ತದೆ. ಲೋಹದ ಗುಂಡಿನ ಮೇಲೆ ಚಾಲಕರು ದಾರವನ್ನೋ ವೈರನ್ನೋ ಹೆಣೆಯುವುದಕ್ಕೆ ಅಂದವಷ್ಟೇ ಕಾರಣವಲ್ಲ. ಹೆಣಿಗೆಯ ನಡುವೆ ಸಿಕ್ಕಿಕೊಂಡ ಗಾಳಿ ಉಷ್ಣವನ್ನು ತಡೆಯುತ್ತದೆ, ಬೆವರಿದ ಕೈ ಜಾರುವುದೂ ತಪ್ಪುತ್ತದೆ.

ಮರದ ಗುಬುಟಿನ ಮಾತು ಬಂದಾಗ ಚನ್ನಪಟ್ಟಣ ನೆನಪಾಗದಿರದು. ಅಲ್ಲಿ ಹಾಲೆ ಮರದ ತುಂಡನ್ನು ತಿರುಗಿಸುತ್ತಾ ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರದ ಮೇಲೆ ಹರಡುತ್ತದೆ. ಬಾಗಿಲು, ಮೇಜಿನ ಸೆಳೆಖಾನೆಗಳ ಗುಬುಟುಗಳನ್ನು ಈ ವಿಧಾನದಲ್ಲಿ ಮಾಡುವುದುಂಟು. ಗೇರಿನ ಗುಬುಟನ್ನೂ ಮಾಡಬಹುದು. ಆದರೆ ಅರಗು ಕರಗುವುದು ಸುಮಾರು 75 ಡಿಗ್ರಿಯ ಆಸುಪಾಸಿನಲ್ಲಿ. ಮೆದುವಾಗುವುದು ಅದಕ್ಕೂ ಮೊದಲೇ. ಬಿಸಿಲಿಗೆ ಮುಚ್ಚಿಟ್ಟ ಕಾರಿನಲ್ಲಿ ಅದು ಅಂಟಂಟಾಗುವ ಸಂಭವವಿದೆ ಎಂಬುದು ಗಮನದಲ್ಲಿರಲಿ.

ಒಳಗಿನ ಎಳೆಗಳ ಕಥೆ

ಗುಬುಟನ್ನು ಬಿಚ್ಚಿ ನೋಡಿದರೆ ಒಳಗೆ ತಿರುಪಿನ ಎಳೆಗಳು ಕಾಣುತ್ತವೆ. ಮೆಕ್ಯಾನಿಕ್ಕುಗಳು ಇದನ್ನು ಥ್ರೆಡ್ ಎನ್ನುತ್ತಾರೆ. ಈ ಎಳೆಗಳಿಗೂ ಒಂದು ಇತಿಹಾಸವಿದೆ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪ್ರತಿ ಕಾರ್ಖಾನೆಯೂ ತನಗೆ ತೋಚಿದಂತೆ ಎಳೆ ಕೊರೆಯುತ್ತಿತ್ತು. ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಹಿಡಿಯುತ್ತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 55 ಡಿಗ್ರಿ ಕೋನದ ಎಳೆಯನ್ನು ಪ್ರಮಾಣಕವಾಗಿ ಸೂಚಿಸಿದರು. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿ ಕೋನವನ್ನು ಮುಂದಿಟ್ಟರು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಯಂತ್ರಗಳ ಬಿಡಿಭಾಗಗಳು ಒಂದಕ್ಕೊಂದು ಹೊಂದದೆ ಪಟ್ಟ ಪಾಡಿನ ನಂತರ, 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು ಏಕೀಕೃತ ಅಂಗುಲ ಎಳೆಯನ್ನು ಒಪ್ಪಿದವು. ಭಾರತ 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬದಲಾಯಿತು. ನಮ್ಮ ಮೆಟ್ರಿಕ್ ಎಳೆಗಳ ಪ್ರಮಾಣಕದ ಸಂಖ್ಯೆ ಐ.ಎಸ್. 4218.

ಹೀಗಾಗಿ ಒಂದೇ ಗ್ಯಾರೇಜಿನಲ್ಲಿ ಎರಡು ಯುಗಗಳ ಅಳತೆಗಳು ಎದುರಾಗುತ್ತವೆ. ಹಳೆಯ ವಾಹನದಲ್ಲಿ ಅಂಗುಲದ ಎಳೆ, ಈಚಿನದರಲ್ಲಿ ಮಿಲಿಮೀಟರಿನದು. ಅಂಗುಲದ 3/8 ಎಂದರೆ 9.525 ಮಿ.ಮೀ. ಅದರ ಮೇಲೆ 10 ಮಿ.ಮೀ. ಗುಬುಟನ್ನು ಹಾಕಿದರೆ ಹೇಗೋ ಕೂರುತ್ತದೆ, ಆದರೆ ಎಳೆಗಳು ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಎರಡೂ 10 ಮಿ.ಮೀ. ಆಗಿದ್ದರೂ ಸಾಲದು. ಒಂದರ ಎಳೆಗಳ ಅಂತರ 1.25 ಮಿ.ಮೀ., ಇನ್ನೊಂದರದು 1.5 ಮಿ.ಮೀ. ಇದ್ದರೆ ಐದು ಸುತ್ತಿಗೆ 1.25 ಮಿ.ಮೀ. ವ್ಯತ್ಯಾಸ ಬೀಳುತ್ತದೆ, ಅಂದರೆ ಸಣ್ಣ ಎಳೆಯ ಒಂದು ಪೂರ್ತಿ ಅಂತರ. ಒಂದೆರಡು ಸುತ್ತಿಗೇ ಬಿಗಿಯಾದುದನ್ನು ಬಲವಂತವಾಗಿ ತಿರುಗಿಸಿದರೆ ಮೆದುವಾದ ಎಳೆ ಹರಿದುಹೋಗುತ್ತದೆ.

ಇಲ್ಲಿಯೇ ಊರಿನ ಲೇತ್ ಕೆಲಸಗಾರನ ನೆರವು ಬೇಕಾಗುವುದು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಮೊದಲು ತಯಾರಿಸಿದ್ದು ಲೇತ್ ಯಂತ್ರವನ್ನೇ. ಇತ್ತ ಕೋಲಾರದ ಚಿನ್ನದ ಗಣಿಗಳಿಗೆ 1880ರ ದಶಕದಿಂದಲೇ ಬ್ರಿಟನ್ನಿನ ಯಂತ್ರಗಳು ಬಂದಿದ್ದವು. ಅವುಗಳ ದುರಸ್ತಿಗೆ ಲೋಹ ಕಡೆಯುವ ಕುಶಲಿಗರು ಬೇಕಿತ್ತು. ಹೊರಗೆ ಒಂದು ಎಳೆ, ಒಳಗೆ ಇನ್ನೊಂದು ಎಳೆ ಇರುವ ಚಿಕ್ಕ ಹಿತ್ತಾಳೆಯ ಬುಶ್ಶನ್ನು ಕಡೆದುಕೊಟ್ಟರೆ ಯಾವ ಗುಬುಟನ್ನೂ ಯಾವ ಸನ್ನೆಗೋಲಿಗೂ ಸರಿಯಾಗಿ ಕೂರಿಸಬಹುದು.

ಬಿಚ್ಚುವ ಬಗೆ

ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟುಕೊಳ್ಳಬೇಕು. ಗುಬುಟಿನ ಕೆಳಗೆ ಚರ್ಮದ ಹೊದಿಕೆ ಇದ್ದರೆ ಅದನ್ನು ಮೆಲ್ಲನೆ ಸರಿಸಬೇಕು. ಅದರ ಅಡಿಯಲ್ಲಿ ಬಿಗಿನಟ್ಟು ಇದ್ದರೆ ಮೊದಲು ಅದನ್ನು ಸಡಿಲಿಸಬೇಕು. ನಂತರ ಒಂದು ಕೈಯಿಂದ ಸನ್ನೆಗೋಲನ್ನು ಭದ್ರವಾಗಿ ಹಿಡಿದು ಇನ್ನೊಂದು ಕೈಯಿಂದ ಗುಬುಟನ್ನು ಎಡಕ್ಕೆ ತಿರುಗಿಸಬೇಕು. ಸನ್ನೆಗೋಲನ್ನು ಹಿಡಿಯದೆ ತಿರುಗಿಸಿದರೆ ಆ ತಿರುಚುವ ಬಲವೆಲ್ಲ ಕೆಳಗಿನ ಕೀಲುಗಳ ಮೇಲೆ ಬೀಳುತ್ತದೆ.

ಹಟ ಹಿಡಿದ ಗುಬುಟಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸುತ್ತುವುದುಂಟು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ ಎಂಬುದು ನಿಜ. ಆದರೆ 10 ಮಿ.ಮೀ. ವ್ಯಾಸಕ್ಕೆ 60 ಡಿಗ್ರಿ ಏರಿಕೆಯಲ್ಲಿ ಸಿಗುವ ಸಡಿಲು ಒಂದು ಮಿಲಿಮೀಟರಿನ ಸಾವಿರದ ಏಳು ಭಾಗದಷ್ಟು ಮಾತ್ರ. ಎಳೆಗೆ ಹಚ್ಚಿದ ಅಂಟು ಬಿಸಿಗೆ ಮೆದುವಾಗುವುದೇ ಹೆಚ್ಚಿನ ಪ್ರಯೋಜನ. ಎಲ್ಲ ಗುಬುಟುಗಳಿಗೂ ಎಳೆ ಇರುವುದಿಲ್ಲ. ಕೆಲವನ್ನು ಒತ್ತಿ ಕೂರಿಸಿರುತ್ತಾರೆ. ಮುಖವನ್ನು ಅದರ ನೇರಕ್ಕಿಟ್ಟು ಮೇಲಕ್ಕೆಳೆದರೆ ಪೆಟ್ಟು ತಿನ್ನಬೇಕಾದೀತು. ಕೆಲವು ಭಾರಿ ಲಾರಿಗಳ ಗುಬುಟಿನಲ್ಲಿ ಗೇರ್ ಗುಂಪನ್ನು ಬದಲಿಸುವ ಗಾಳಿಯೊತ್ತಡದ ಸ್ವಿಚ್ ಇರುತ್ತದೆ. ಅಂಥದ್ದನ್ನು ಬಲ್ಲವರಿಗೇ ಬಿಡುವುದು ಲೇಸು.

ತೂಕ ಮತ್ತು ಎತ್ತರ

ಆಧಾರಬಿಂದುವಿನಿಂದ ಗುಬುಟಿನವರೆಗೆ 30 ಸೆಂ.ಮೀ., ಕೆಳಗಿನ ತುದಿಯವರೆಗೆ 4 ಸೆಂ.ಮೀ. ಇರುವ ಸನ್ನೆಗೋಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೈ 20 ನ್ಯೂಟನ್ ಬಲ ಹಾಕಿದರೆ ಕೆಳಗೆ 150 ನ್ಯೂಟನ್ ಸಿಗುತ್ತದೆ. ಎತ್ತರದ ಗುಬುಟು ಹಾಕಿ 40 ಸೆಂ.ಮೀ. ಮಾಡಿದರೆ 15 ನ್ಯೂಟನ್ ಸಾಕು, ಆದರೆ ಕೈ ಮೂರನೇ ಒಂದು ಭಾಗದಷ್ಟು ಹೆಚ್ಚು ದೂರ ಚಲಿಸಬೇಕು.

80 ಗ್ರಾಮಿನ ಪ್ಲಾಸ್ಟಿಕ್ ಗುಬುಟಿನ ಬದಲು 400 ಗ್ರಾಮಿನ ಉಕ್ಕಿನ ಗುಂಡು ಹಾಕಿದರೆ ಅದರ ಜಡತ್ವ ಮಹತ್ವ ಐದರಷ್ಟಾಗುತ್ತದೆ. ಒಮ್ಮೆ ಚಲಿಸತೊಡಗಿದ ಭಾರ ತಾನೇ ಮುಂದೊತ್ತುವುದರಿಂದ ಗೇರ್ ಬೆಣ್ಣೆಯಂತೆ ಬೀಳುತ್ತದೆ ಎನಿಸುತ್ತದೆ. ಇದಕ್ಕೆ ಬೆಲೆಯೂ ಇದೆ. ವಾಹನವು ಸೆಕೆಂಡಿಗೆ ಸೆಕೆಂಡಿಗೆ 10 ಮೀಟರಿನಂತೆ ಜರ್ಕು ಹೊಡೆದರೆ ಹಗುರ ಗುಬುಟು ಕೆಳಗಿನ ತುದಿಯನ್ನು 6 ನ್ಯೂಟನ್ ಬಲದಿಂದ ಎಳೆಯುತ್ತದೆ, ಭಾರದ್ದು 30 ನ್ಯೂಟನ್ ಬಲದಿಂದ. ಗೇರನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಸ್ಪ್ರಿಂಗು ಸವೆದ ಹಳೆಯ ವಾಹನಗಳಲ್ಲಿ ಗೇರ್ ತಾನಾಗಿ ಜಾರುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ.

ಇನ್ನೊಂದು ತೊಂದರೆ ಕಂಪನದ್ದು. ಜರ್ಮನಿಯ ಗೆರ್‌ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದಂತೆ, ತಿರುಪಿಗೆ ಅಡ್ಡಡ್ಡವಾಗಿ ಆಗುವ ಕಂಪನ ಎಳೆಗಳ ನಡುವಿನ ಘರ್ಷಣೆಯನ್ನು ಸೋಲಿಸಿ ಅದನ್ನು ತಾನಾಗಿ ಬಿಚ್ಚಿಕೊಳ್ಳುವಂತೆ ಮಾಡುತ್ತದೆ. ಗೇರ್ ಸನ್ನೆಗೋಲಿನ ನಡುಕ ಇಂಥದ್ದೇ. ಆದ್ದರಿಂದ ಹೊಸ ಗುಬುಟಿನ ಕೆಳಗೆ ಬಿಗಿನಟ್ಟು ಇರಲೇಬೇಕು.

ಘಾಟಿಯ ಇಳಿಜಾರಿನಲ್ಲಿ

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಎಚ್ಚರಿಕೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಮುಳಬಾಗಿಲಿನಿಂದ ನಂಗಲಿ, ಪಲಮನೇರು ದಾಟಿ ಚಿತ್ತೂರಿನ ಕಡೆಗೆ ಹೋಗುವ ರಸ್ತೆ ಮೊಗಿಲಿ ಘಾಟಿಯಲ್ಲಿ ಇಳಿಯುತ್ತದೆ. ಕೋಲಾರದ ಟೊಮೆಟೊ ಚೆನ್ನೈಗೆ ಹೋಗುವ ಹಳೆಯ ದಾರಿ ಇದು. ಒಟ್ಟು 10 ಟನ್ ತೂಗುವ ಲಾರಿ 100 ಮೀಟರ್ ಕೆಳಗಿಳಿದರೆ 98 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಅಷ್ಟನ್ನೂ ಬ್ರೇಕೇ ಹೀರಿಕೊಂಡು, ಬ್ರೇಕಿನ ಕಬ್ಬಿಣ 100 ಕಿ.ಗ್ರಾಂ ಇದೆ ಎಂದಿಟ್ಟುಕೊಂಡರೆ, ಅದರ ಉಷ್ಣತೆ ಸುಮಾರು 210 ಡಿಗ್ರಿ ಏರುತ್ತದೆ. ಕಾದ ಬ್ರೇಕಿನ ಹಿಡಿತ ಕುಗ್ಗುತ್ತದೆ. ಅದಕ್ಕಾಗಿಯೇ ಕೆಳ ಗೇರಿನಲ್ಲಿಟ್ಟು ಎಂಜಿನ್ನಿನ ತಡೆಯಿಂದ ಇಳಿಯಬೇಕು ಎಂಬುದು ಅನುಭವಿ ಚಾಲಕರ ಪಾಠ. ಇಳಿಜಾರಿನ ನಡುವೆ ಗುಬುಟು ಕೈಗೆ ಕಿತ್ತುಬಂದರೆ, ಇಲ್ಲವೇ ಭಾರಕ್ಕೆ ಗೇರ್ ಜಾರಿ ನ್ಯೂಟ್ರಲ್ಲಿಗೆ ಬಿದ್ದರೆ, ಆ ತಡೆ ಬೇಕಾದ ಹೊತ್ತಿನಲ್ಲೇ ಕೈತಪ್ಪುತ್ತದೆ.

ಗುಬುಟಿನ ನೆತ್ತಿಯ ನಕ್ಷೆಗೂ ಇಷ್ಟೇ ಮಹತ್ವವಿದೆ. ರಿವರ್ಸ್ ಗೇರ್ ಕೆಲವು ಕಾರುಗಳಲ್ಲಿ ಬಲಗಡೆ ಕೆಳಗೆ, ಕೆಲವದರಲ್ಲಿ ಎಡಗಡೆ ಮೇಲೆ, ಒಂದನೆಯ ಗೇರಿನ ಪಕ್ಕದಲ್ಲೇ ಇರುತ್ತದೆ. ಎರಡನೆಯ ಬಗೆಯಲ್ಲಿ ತಪ್ಪಿ ಹಿಂದಕ್ಕೆ ಹೋಗದಿರಲೆಂದು ಗುಬುಟಿನಡಿಯಲ್ಲಿ ಎತ್ತುವ ಉಂಗುರವನ್ನು ಕೊಟ್ಟಿರುತ್ತಾರೆ. ಹೂವಿನ ಗೋಳ ಹಾಕುವ ಭರದಲ್ಲಿ ನಕ್ಷೆಯೂ ಉಂಗುರವೂ ಹೋದರೆ ಮಾಲೀಕನಿಗೆ ಅಭ್ಯಾಸವಿರುವುದರಿಂದ ತೊಂದರೆಯಾಗದು. ಆದರೆ ಅದೇ ವಾಹನವನ್ನು ನಾಳೆ ಗ್ಯಾರೇಜಿನ ಹುಡುಗನೋ ಹೊಸದಾಗಿ ಬಂದ ಚಾಲಕನೋ ಓಡಿಸುತ್ತಾನೆ, ಅವನ ಹಿಂದೆ ಯಾರಾದರೂ ನಿಂತಿರುತ್ತಾರೆ. ಗುಬುಟಿನ ಬಣ್ಣ, ಆಕಾರ ನೋಂದಣಿ ಪತ್ರದಲ್ಲಿ ದಾಖಲಾಗುವುದಿಲ್ಲ. ಇಲ್ಲಿ ಎಚ್ಚರ ವಹಿಸಬೇಕಾದವನು ಮಾಲೀಕನೇ. ಹೊಸ ಗುಬುಟಿನಲ್ಲಿ ನಕ್ಷೆ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಮೇಲಾದರೂ ಅದನ್ನು ಬರೆದು ಅಂಟಿಸಬೇಕು. ಉಂಗುರವಿರುವ ವಾಹನಕ್ಕೆ ಉಂಗುರ ಕೆಲಸ ಮಾಡುವಂಥ ಗುಬುಟನ್ನೇ ಆರಿಸಬೇಕು. ಬಿಚ್ಚಿದ ಮೂಲ ಗುಬುಟನ್ನು ಎಸೆಯದೆ ಇಟ್ಟುಕೊಳ್ಳಬೇಕು.

2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಂದಿಗೆ ಕ್ಲಚ್ ಪೆಡಲ್ ಇಲ್ಲದೆ ತಾನಾಗಿ ಗೇರ್ ಬದಲಿಸುವ ಅಗ್ಗದ ವ್ಯವಸ್ಥೆ ನಮ್ಮ ದೇಶದಲ್ಲಿ ಜನಪ್ರಿಯವಾಗತೊಡಗಿತು. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಹೋಂಡಾ ಕಾರ್ಖಾನೆಯಿಂದ ಹೊರಬಂದ ಸ್ಕೂಟರುಗಳಿಗೆ ಗೇರ್ ಬದಲಿಸುವ ಕೆಲಸವೇ ಇಲ್ಲ. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುವುದರಿಂದ ವಿದ್ಯುತ್ ಕಾರುಗಳಿಗೆ ಸಾಮಾನ್ಯವಾಗಿ ಒಂದೇ ಗೇರ್ ಸಾಕು. ಹೀಗೆ ಸನ್ನೆಗೋಲಿನ ಅಗತ್ಯ ಮೆಲ್ಲಮೆಲ್ಲನೆ ಕಡಿಮೆಯಾಗುತ್ತಿದೆ. ಈಗಲೇ ಹಳೆಯ ಗ್ಯಾರೇಜುಗಳ ಮೂಲೆಯಲ್ಲಿ ಬಿದ್ದಿರುವ ಬೇಕಲೈಟ್ ಗುಂಡು, ಅಂಗುಲದ ಎಳೆಯ ಹಿತ್ತಾಳೆ ಬುಶ್ಶು, ವೈರು ಹೆಣೆದ ಹಿಡಿ ಇವುಗಳಲ್ಲಿ ಒಂದೆರಡನ್ನು ಶಾಲಾ ಕಾಲೇಜುಗಳ ಪ್ರಯೋಗಾಲಯಗಳು ಸಂಗ್ರಹಿಸಿಟ್ಟುಕೊಳ್ಳಬಹುದು. ಸನ್ನೆಗೋಲು, ಜಡತ್ವ, ಉಷ್ಣವಹನ, ಘರ್ಷಣೆ, ಪ್ರಮಾಣೀಕರಣ ಇಷ್ಟೆಲ್ಲವನ್ನೂ ಅಂಗೈಯಲ್ಲಿ ಹಿಡಿದು ಕಲಿಸಲು ಅವು ಒಳ್ಳೆಯ ಪಾಠೋಪಕರಣಗಳಾಗುತ್ತವೆ.